ಮಳೆಗಾಲ ಮಲಗಿದ ಸ್ಪ್ರೇ ಮಷೀನ್: ಚಾಂದೋರಿನ ಒಂದು ಮನೆ, ನಾಲ್ಕು ದಿನ

ಮೋಟಾರ್ ಓಡುತ್ತಿತ್ತು. ಪಿಸ್ಟನ್ ಮೇಲೆ ಕೆಳಗೆ ಆಡುತ್ತಿತ್ತು. ಬಕೆಟ್ ತುಂಬ ಬಣ್ಣ ಇತ್ತು. ಆದರೆ ಹೀರುವ ಪೈಪಿನಲ್ಲಿ ಬಣ್ಣ ಒಂದು ಗೇಣು ಕೂಡ ಏರುತ್ತಿರಲಿಲ್ಲ. ಅಕ್ಟೋಬರ್ ಕೊನೆಯ ವಾರ, ಬೆಳಿಗ್ಗೆ ಎಂಟೂವರೆ. ದಕ್ಷಿಣ ಗೋವಾದ ಚಾಂದೋರಿನಲ್ಲಿ ಒಂದು ಹಳೇ ಮನೆಯ ಅಂಗಳ. ನಾನು, ಜೊತೆಯ ಪೇಂಟರ್, ಕೈಕೆಳಗಿನ ಹುಡುಗ, ಮೂವರೂ ಮಷೀನಿನ ಸುತ್ತ ಕುಕ್ಕರುಗಾಲಲ್ಲಿ ಕೂತು ಅದರ ಮುಖ ನೋಡುತ್ತಿದ್ದೆವು. ಮನೆಯ ಯಜಮಾನಿ ಬಾಲ್ಕಾವಿನಲ್ಲಿ, ಅಂದರೆ ಗೋವಾ ಮನೆಗಳ ಮುಂದಿನ ಜಗಲಿಯಲ್ಲಿ ನಿಂತು ನಮ್ಮ ಮುಖ ನೋಡುತ್ತಿದ್ದರು.

ನಾನು ಬಾಗಲಕೋಟೆ ಕಡೆಯವನು. ವಾಸ್ಕೋ ಹತ್ತಿರ ಜುವಾರಿನಗರದಲ್ಲಿ ಇದ್ದು ಹದಿನಾರು ವರ್ಷ ಆಯಿತು. ಪೇಂಟಿಂಗ್ ಗುತ್ತಿಗೆ ಹಿಡಿಯುತ್ತೇನೆ. ನಮ್ಮ ಕಡೆಯ ಎಷ್ಟೋ ಹುಡುಗರು ಈಗ ಬ್ರಶ್ ಬಿಟ್ಟು ಮಷೀನ್ ಕೊಂಡಿದ್ದಾರೆ. ಮಳೆ ನಿಂತು ಕೆಲಸ ಶುರುವಾದ ಕೂಡಲೇ ಎಲ್ಲರ ಫೋನೂ ಒಂದೇ ಥರ ಇರುತ್ತದೆ: "ಅಣ್ಣ, ಮಷೀನ್ ಎಳೀತಾ ಇಲ್ಲ." ಆ ವರ್ಷ ನನ್ನದೇ ಮಷೀನ್ ಎಳೆಯಲಿಲ್ಲ. ನಾಲ್ಕು ದಿನದಲ್ಲಿ ಏನೇನು ಆಯಿತು, ಎಲ್ಲಿ ದಾರಿ ತಪ್ಪಿದೆ, ಎಲ್ಲಿ ಸರಿಹೋಯಿತು ಅನ್ನುವುದನ್ನು ಆದ ಹಾಗೇ ಬರೆಯುತ್ತೇನೆ.

ಚಾಂದೋರ್ ಅಂದರೆ ಹಳೇ ಚಂದ್ರಪುರ. ಗೋವಾ ಕದಂಬರ ರಾಜಧಾನಿಯಾಗಿದ್ದ ಊರು. ಕನ್ನಡದವನಿಗೆ ಅಲ್ಲಿ ಕೆಲಸ ಸಿಕ್ಕರೆ ಸುಮ್ನೆ ಒಂದು ಖುಷಿ, ಅಷ್ಟೇ. ಮನೆ ಕೆಂಪುಕಲ್ಲಿನದು, ಮೇಲೆ ಗಾರೆ. ನಾಲ್ಕು ತಿಂಗಳ ಮಳೆ ತಿಂದು ಗೋಡೆಯ ಬುಡ ಹಸಿರಾಗಿತ್ತು. ಕ್ರಿಸ್‌ಮಸ್‌ಗೆ ಮಗ ಹೊರದೇಶದಿಂದ ಬರುವವನು. ಹೊರಗೋಡೆ ಪೂರ್ತಿ ಆರು ದಿನದಲ್ಲಿ ಮುಗಿಸುತ್ತೇನೆ ಅಂತ ನಾನೇ ಬಾಯಿ ಬಿಟ್ಟು ಹೇಳಿದ್ದೆ. ಮಷೀನ್ ನಂಬಿ ಹೇಳಿದ ಮಾತು ಅದು.

ಮಷೀನಿನ ಜಾತಕ

ನಮ್ಮದು ಏರ್‌ಲೆಸ್. ಅಂದರೆ ಗಾಳಿ ಸೇರಿಸಿ ಊದುವ ಕಂಪ್ರೆಸರ್ ಗನ್ ಅಲ್ಲ. ಕರೆಂಟಿನ ಮೋಟಾರ್ ಒಂದು ಪಿಸ್ಟನ್ ಓಡಿಸುತ್ತದೆ. ಪಿಸ್ಟನ್ ಬಣ್ಣವನ್ನೇ ಒತ್ತಿ, ಕೂದಲಿನಷ್ಟು ಸಣ್ಣ ಸೀಳಿನಿಂದ ಹೊರಗೆ ತಳ್ಳುತ್ತದೆ. ಒತ್ತಡ 3000 ಪಿಎಸ್‌ಐ ತನಕ ಏರುತ್ತದೆ. ಕಾರಿನ ಟೈರಿನಲ್ಲಿ ಇರುವುದು 30–35, ಲೆಕ್ಕ ಹಾಕಿ ನೋಡಿ. ಹೋಸ್ ಪೈಪ್ 15 ಮೀಟರ್, ಟಿಪ್, ಅಂದರೆ ಗನ್ನಿನ ತುದಿಯಲ್ಲಿ ಆ ಸೀಳು ಇರುವ ಬಿಡಿಭಾಗ, 517 ನಂಬರಿನದು.

ಒಳಗಿನ ಪಂಪ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿಲ್ಲದೆ ಮುಂದಿನ ಕಥೆ ಅರ್ಥ ಆಗುವುದಿಲ್ಲ. ನಮ್ಮೂರಿನ ಬೋರ್‌ವೆಲ್ ಕೈಪಂಪು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ತಳದಲ್ಲಿ ಒಂದು ಸ್ಟೀಲ್ ಗುಂಡು, ಪಿಸ್ಟನ್ ಒಳಗೆ ಇನ್ನೊಂದು ಗುಂಡು. ಎರಡೂ ತಮ್ಮ ತಮ್ಮ ಸೀಟಿನ ಮೇಲೆ ಕೂತಿರುತ್ತವೆ. ಪಿಸ್ಟನ್ ಮೇಲೆ ಹೋದಾಗ ತಳದ ಗುಂಡು ಎದ್ದು ಬಣ್ಣ ಒಳಗೆ ಬಿಡುತ್ತದೆ, ಆಗ ಪಿಸ್ಟನ್ ಗುಂಡು ಮುಚ್ಚಿಕೊಂಡು ಮೇಲಿನ ಬಣ್ಣವನ್ನು ಹೋಸಿಗೆ ತಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದಾಗ ತಳದ ಗುಂಡು ಮುಚ್ಚಬೇಕು, ಪಿಸ್ಟನ್ ಗುಂಡು ತೆರೆಯಬೇಕು. ಇಷ್ಟೇ. ಪಿಸ್ಟನ್ ಸುತ್ತ ಸೋರದಂತೆ ಚರ್ಮದ ಮತ್ತು ಪ್ಲಾಸ್ಟಿಕ್ಕಿನ ಉಂಗುರಗಳ ಸಾಲು ಇರುತ್ತದೆ, ಅದಕ್ಕೆ ಪ್ಯಾಕಿಂಗ್ ಅನ್ನುತ್ತೇವೆ. ಮಷೀನ್ ಕೆಟ್ಟಿತು ಅಂದ ಕೂಡಲೇ ಎಲ್ಲರ ಕೈ ಹೋಗುವುದು ಈ ಪ್ಯಾಕಿಂಗ್ ಮೇಲೆ. ನನ್ನ ಪ್ರಕಾರ ಅದು ಮೊದಲ ತಪ್ಪು.

ಆ ಮಷೀನ್ ಕೊನೆಯ ಸಲ ಓಡಿದ್ದು ಮೇ ಕೊನೆಯಲ್ಲಿ. ವಾಸ್ಕೋದ ಒಂದು ಫ್ಲ್ಯಾಟಿನಲ್ಲಿ ಸೀಲಿಂಗ್ ಹೊಡೆದಿದ್ದೆವು. ಮೊದಲ ಮಳೆ ಬಿತ್ತು, ಹುಡುಗ ನೀರು ಹಾಯಿಸಿ ತೊಳೆದ, ಗೋಣಿಚೀಲ ಹೊದಿಸಿ ನಮ್ಮ ರೂಮಿನ ಮೂಲೆಗೆ ಇಟ್ಟ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಗೋವಾದಲ್ಲಿ ಆ ನಾಲ್ಕು ತಿಂಗಳು ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಪಂಪಿನ ಹೊಟ್ಟೆಯಲ್ಲಿ ನಿಂತ ನೀರು ಎಲ್ಲಿಗೆ ಹೋಗಬೇಕು? ನಾನು ಒಮ್ಮೆಯೂ ಗೋಣಿಚೀಲ ಎತ್ತಿ ನೋಡಲಿಲ್ಲ.

ಮೊದಲ ದಿನ: ಅಂಟಿದ ಗುಂಡು, ಸೀಳಿದ ಉಂಗುರ

ಮೋಟಾರ್ ಓಡಿ ಬಣ್ಣ ಎಳೆಯದಿದ್ದರೆ ಹತ್ತರಲ್ಲಿ ಏಳೆಂಟು ಸಲ ತಳದ ಗುಂಡು ಅಂಟಿರುತ್ತದೆ. ಒಣಗಿದ ಬಣ್ಣದ ತೆಳು ಪೊರೆ ಸಾಕು, ಅದು ಗುಂಡನ್ನು ಸೀಟಿಗೆ ಗೋಂದಿನಂತೆ ಹಿಡಿದುಬಿಡುತ್ತದೆ. ಹೊಸ ಮಾದರಿಗಳಲ್ಲಿ ಇದನ್ನು ಬಿಡಿಸಲು ಪಕ್ಕದಲ್ಲೇ ಒಂದು ಬಟನ್ ಇರುತ್ತದೆ. ನಮ್ಮದರಲ್ಲಿ ಇಲ್ಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹೀರುವ ಪೈಪ್ ಬಿಚ್ಚಿ, ಕೆಳಗಿನಿಂದ ಪೆನ್ಸಿಲ್ಲಿನ ಹಿಂಬದಿ ಹಾಕಿ ಒತ್ತಿದೆ. ಅಲುಗಲಿಲ್ಲ. ಪಂಪಿನ ತಳಕ್ಕೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಎರಡು ಪೆಟ್ಟು ಕೊಟ್ಟೆ. ಮತ್ತೆ ಒತ್ತಿದೆ. 'ಟಿಕ್' ಅಂತ ಬಿಟ್ಟಿತು. ಜೊತೆಗೆ ಒಂದು ಚಮಚದಷ್ಟು ಚಹಾ ಬಣ್ಣದ ನೀರು ಅಂಗೈ ಮೇಲೆ ಸುರಿಯಿತು. ಅದರಲ್ಲಿ ಉಗುರಿನ ಚೂರಿನ ಥರ ಬಿಳಿ ಹೊಪ್ಪಳೆಗಳು.

ಆ ನೀರಿನ ಬಣ್ಣ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗುಂಡು ಬಿಟ್ಟಿತಲ್ಲ ಅನ್ನುವ ಖುಷಿಯಲ್ಲಿದ್ದೆ.

ಪೈಪ್ ಹಾಕಿ ಶುರು ಮಾಡಿದರೆ ಈಗ ಎಳೆಯಿತು, ಆದರೆ ಅರ್ಧಂಬರ್ಧ. ಬಕೆಟಿಗೆ ವಾಪಸ್ ಬೀಳುವ ಸಣ್ಣ ಪೈಪಿನಲ್ಲಿ ಬಣ್ಣದ ಜೊತೆ ಗುಳ್ಳೆ ಬರುತ್ತಲೇ ಇದ್ದವು. ಎರಡು ನಿಮಿಷ ಓಡಿಸಿದರೂ ಗುಳ್ಳೆ ನಿಲ್ಲದಿದ್ದರೆ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ ಅಂತ ಅರ್ಥ. ಹೀರುವ ಕಡೆ ಸೋರಿಕೆ ಇದ್ದರೆ ಬಣ್ಣ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಈ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಜೋಡಣೆ ಬಿಚ್ಚಿ ಒಳಗಿನ ಓ-ರಿಂಗ್, ಅಂದರೆ ರಬ್ಬರ್ ಉಂಗುರ, ತೆಗೆದು ಎರಡು ಬೆರಳಲ್ಲಿ ಬಾಗಿಸಿದೆ. ಹಪ್ಪಳದ ಥರ ಸೀಳಿತು.

ಜೊತೆಗಿದ್ದ ಪೇಂಟರ್ ಟೆಫ್ಲಾನ್ ಟೇಪ್ ಸುತ್ತೋಣ ಅಂದ. ಬೇಡ ಅಂದೆ. ಟೇಪ್ ಸುತ್ತಿದರೆ ಒಂದು ಗಂಟೆ ನಡೆಯುತ್ತದೆ, ಆಮೇಲೆ ಅದರ ಎಳೆಯೇ ಒಳಗೆ ಹೋಗಿ ಗುಂಡಿನ ಕೆಳಗೆ ಕೂರುತ್ತದೆ. ಹುಡುಗ ಬೈಕ್ ಹತ್ತಿ ಮಡಗಾಂವ್‌ಗೆ ಹೋಗಿ, ನೀರಿನ ಪಂಪ್ ರಿಪೇರಿ ಅಂಗಡಿಯಿಂದ ಅದೇ ಅಳತೆಯ ನಾಲ್ಕು ಓ-ರಿಂಗ್ ತಂದ. ಸ್ವಲ್ಪ ಗ್ರೀಸ್ ಸವರಿ ಹಾಕಿದೆವು. ಗುಳ್ಳೆ ನಿಂತವು. ಅಷ್ಟರಲ್ಲಿ ಮಧ್ಯಾಹ್ನ ಮೂರು. ಹಸಿರು ಹಿಡಿದ ಬುಡವನ್ನು ಉಜ್ಜುವುದರಲ್ಲಿ ಆ ದಿನ ಮುಗಿಯಿತು.

ಎರಡನೇ ದಿನ: ಎಲ್ಲರೂ ವೈದ್ಯರೇ

ಬೆಳಿಗ್ಗೆ ಪೂರ್ವದ ಗೋಡೆಗೆ ಶುರು ಮಾಡಿದೆವು. ಮೊದಲ ಹತ್ತು ಅಡಿ ಚೆನ್ನಾಗಿ ಬಂತು. ಆಮೇಲೆ ಬೀಸಣಿಗೆಯಂತೆ ಹರಡಬೇಕಾದ ಬಣ್ಣದ ಎರಡೂ ಅಂಚಿನಲ್ಲಿ ದಪ್ಪ ಗೆರೆ ಮೂಡಿತು, ನಡುವೆ ತೆಳುವಾಯಿತು. ನಮ್ಮ ಹುಡುಗರು ಇದಕ್ಕೆ "ಮೀಸೆ ಬಂತು" ಅನ್ನುತ್ತಾರೆ. ಮೀಸೆ ಬಂದರೆ ಅರ್ಥ ಒಂದೇ: ಟಿಪ್‌ಗೆ ಬೇಕಾದಷ್ಟು ಒತ್ತಡ ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ ಅನ್ನುವುದಕ್ಕೆ ಮಾತ್ರ ಹತ್ತು ಕಾರಣ ಇರಬಹುದು.

ಹುಡುಗ ಒತ್ತಡದ ಗುಂಡಿ ಪೂರ್ತಿ ತಿರುಗಿಸಿದ. ಮೀಸೆ ಸ್ವಲ್ಪ ಹೊತ್ತು ಮಾಯ, ಮತ್ತೆ ಹಾಜರ್.

ಮನೆಯ ಎಲೆಕ್ಟ್ರಿಷಿಯನ್ ಅಲ್ಲೇ ಇದ್ದ, ವೋಲ್ಟೇಜ್ ಕಮ್ಮಿ ಅಂದ. ಹಳ್ಳಿ ಕಡೆ ಇದು ಸುಳ್ಳೇನಲ್ಲ. ಅವನದೇ ಮೀಟರ್ ಇಸಿದುಕೊಂಡು ನೋಡಿದೆ. ಗೋಡೆಯ ಸಾಕೆಟ್ಟಿನಲ್ಲಿ 224, ನಮ್ಮ 30 ಮೀಟರ್ ಎಕ್ಸ್‌ಟೆನ್ಷನ್ ತುದಿಯಲ್ಲಿ ಮಷೀನ್ ಓಡುವಾಗ 216. ಕೇಬಲ್ ದಪ್ಪದ್ದು, 1.5 ಸ್ಕ್ವೇರ್ ಎಂಎಂ. ಎಂಟು ವೋಲ್ಟಿಗೆ ಮೋಟಾರ್ ಸುಸ್ತಾಗುವುದಿಲ್ಲ. ಆದರೂ ಒಂದು ಮಾತು: ದೂರ ಹೋಗಬೇಕಾದಾಗ ವೈರ್ ಉದ್ದ ಮಾಡಬೇಡಿ, ಹೋಸ್ ಉದ್ದ ಮಾಡಿ. ಟೇಬಲ್ ಫ್ಯಾನಿಗೆ ಹಾಕುವ ತೆಳು ವೈರಿಗೆ ಈ ಮಷೀನ್ ಹಾಕಿ ಮೋಟಾರ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಮಷೀನ್ ಮಾರಿದ ಅಂಗಡಿಯವನಿಗೆ ಫೋನ್ ಹಚ್ಚಿದೆ. ನಾನು ಎರಡು ವಾಕ್ಯ ಹೇಳುವುದರೊಳಗೆ, "ಪ್ಯಾಕಿಂಗ್ ಹೋಗಿದೆ, ಕಿಟ್ ಹಾಕಿಸಿ, ಇಲ್ಲಾಂದ್ರೆ ಪಂಪೇ ಬದಲಾಯಿಸಿ" ಅಂದ. ಮಷೀನ್ ನೋಡದೆ, ಸದ್ದು ಕೇಳದೆ. ನಾನೂ ಆತುರದಲ್ಲಿ ಕಿಟ್ ಕಳಿಸು ಅಂದುಬಿಟ್ಟೆ.

ಫೋನಿಟ್ಟ ಮೇಲೆ ಸ್ವಲ್ಪ ತಲೆ ತಣ್ಣಗಾಯಿತು. ಹೀರುವ ಬಾಯಿಯಿಂದ ಶುರು ಮಾಡಿ ಟಿಪ್ ತನಕ ಒಂದೊಂದೇ ನೋಡುತ್ತಾ ಹೋಗೋಣ ಅಂದುಕೊಂಡೆ. ಬಕೆಟಿನೊಳಗಿನ ಜರಡಿ ಸ್ವಚ್ಛವಿತ್ತು. ಗನ್ನಿನ ಹಿಡಿಯೊಳಗೆ ಪೆನ್ನಿನ ರೀಫಿಲ್ ಥರದ ಒಂದು ಫಿಲ್ಟರ್ ಇರುತ್ತದೆ. ಎಮಲ್ಷನ್‌ಗೆ, ಅಂದರೆ ನೀರು ಬೆರೆಸುವ ಗೋಡೆ ಬಣ್ಣಕ್ಕೆ, ನಾವು 60 ಮೆಶ್ (ಇಂಚಿಗೆ 60 ಕಣ್ಣಿನ ಜಾಳಿಗೆ) ಹಾಕುತ್ತೇವೆ, ವಾರ್ನಿಶ್‌ನಂಥ ನಯದ ಕೆಲಸಕ್ಕೆ 100. ತೆಗೆದು ನೋಡಿದರೆ ಸುತ್ತ ಕೆನೆ ಕಟ್ಟಿತ್ತು. ಅರ್ಧ ಜಾಳಿಗೆಯೇ ಕಾಣುತ್ತಿರಲಿಲ್ಲ. ವಿಚಾರಿಸಿದರೆ, ಹಿಂದಿನ ಕೆಲಸದಲ್ಲಿ ಉಳಿದ ಅರ್ಧ ಡಬ್ಬಿ ಬಣ್ಣವನ್ನು ಹುಡುಗ ಹೊಸದಕ್ಕೆ ಸುರಿದಿದ್ದ, ಸೋಸದೆ. ಡಬ್ಬಿಯ ಬಾಯಿಗೆ ನೈಲಾನ್ ಬಟ್ಟೆ ಕಟ್ಟಿ ಸೋಸುವುದಕ್ಕೆ ಐದು ನಿಮಿಷ. ಆ ಐದು ನಿಮಿಷ ಉಳಿಸಲು ಹೋಗಿ ಒಂದು ಗಂಟೆ ಹೋಯಿತು.

ಬಣ್ಣ ಸೋಸಿ, ಫಿಲ್ಟರ್ ತೊಳೆದು ಹಾಕಿದ ಮೇಲೆ ಅರ್ಧ ಸುಧಾರಿಸಿತು. ಪೂರ್ತಿ ಅಲ್ಲ. ಮೀಸೆ ಈಗ ನಿಂತ ಹಾಗೆ ನಿಲ್ಲುತ್ತಿರಲಿಲ್ಲ, ಬಂದು ಹೋಗಿ ಮಾಡುತ್ತಿತ್ತು. ಉಸಿರಾಡಿದ ಹಾಗೆ. ಅಲ್ಲಿ ನನಗೆ ಏನೋ ಹೊಳೆಯಿತು.

ಕಿವಿಗೆ ಕೇಳಿದ್ದು

ಟ್ರಿಗರ್ ಬಿಟ್ಟ ಮೇಲೆ ಒಳ್ಳೆಯ ಮಷೀನ್ ಒತ್ತಡ ತುಂಬಿಸಿಕೊಂಡು ಸುಮ್ಮನಾಗಬೇಕು. ನಮ್ಮದು ಸುಮ್ಮನಾಗುತ್ತಿರಲಿಲ್ಲ. ನಾಲ್ಕೈದು ಸೆಕೆಂಡಿಗೊಮ್ಮೆ 'ಗುರ್' ಅಂತ ಎದ್ದು ಮತ್ತೆ ನಿಲ್ಲುತ್ತಿತ್ತು. ಅಂದರೆ ತುಂಬಿಸಿದ ಒತ್ತಡ ಎಲ್ಲಿಂದಲೋ ಜಾರಿ ಹೋಗುತ್ತಿತ್ತು. ಹೊರಗೆ ಸೋರಿಕೆ ಇಲ್ಲ. ವಾಪಸ್ ಪೈಪಿನ ವಾಲ್ವ್ ಸೋರಿದರೆ ಆ ಪೈಪಿನಿಂದ ಬಕೆಟಿಗೆ ಬಣ್ಣ ತೊಟ್ಟಿಕ್ಕಬೇಕು. ಹುಡುಗನ ಕೈಲಿ ಪೈಪನ್ನು ಬಕೆಟಿನಿಂದ ಎತ್ತಿ ಹಿಡಿಸಿದೆ. ಒಂದು ಹನಿಯೂ ಇಲ್ಲ. ಹಾಗಾದರೆ ಒಳಗೇ.

ಪಂಪಿನ ಮುಂದಿನ ಮುಚ್ಚಳ ತೆಗೆದರೆ ಪಿಸ್ಟನ್ ಕಡ್ಡಿ ಕಾಣುತ್ತದೆ. ಬೆರಳು ದೂರ ಇಟ್ಟು, ಹುಡುಗನಿಗೆ ಗನ್ ಹಿಡಿಸಿ, ನಾನು ಕಡ್ಡಿಯನ್ನೇ ನೋಡುತ್ತಾ ಕೂತೆ. ಸರಿಯಿರುವ ಪಂಪಿನಲ್ಲಿ ಕಡ್ಡಿ ಮೇಲೆ ಹೋಗುವುದೂ ಕೆಳಗೆ ಬರುವುದೂ ಒಂದೇ ಗತಿಯಲ್ಲಿರುತ್ತದೆ. ನಮ್ಮದು ಹೇಗಿತ್ತು ಅಂದರೆ, ಮೇಲೆ ಹೋಗುವಾಗ ಭಾರ ಎತ್ತಿದವನಂತೆ ನಿಧಾನ, ಕೆಳಗೆ ಬರುವಾಗ ಜಾರುಬಂಡೆಯಲ್ಲಿ ಸರ್ರನೆ ಇಳಿದಂತೆ. ಟಕ್ಕ್… ಟ. ಟಕ್ಕ್… ಟ. ಆ ಕುಂಟು ಸದ್ದು ಬೆಳಿಗ್ಗೆಯಿಂದ ಕಿವಿಗೆ ಬೀಳುತ್ತಲೇ ಇತ್ತು. ಕೇಳಿಸಿಕೊಂಡಿರಲಿಲ್ಲ ಅಷ್ಟೇ.

ಈಗ ಆ ಎರಡು ಗುಂಡು ನೆನಪಿಸಿಕೊಳ್ಳಿ. ಕೆಳಗೆ ಬರುವಾಗ ಮುಚ್ಚಿರಬೇಕಾದದ್ದು ತಳದ ಗುಂಡು. ಅದು ಮುಚ್ಚದಿದ್ದರೆ ಬಣ್ಣ ಬಂದ ದಾರಿಯಲ್ಲೇ ಬಕೆಟಿಗೆ ವಾಪಸ್ ಹೋಗುತ್ತದೆ, ಪಿಸ್ಟನ್‌ಗೆ ತಡೆಯೇ ಇಲ್ಲ, ಅದಕ್ಕೇ ಜಾರುತ್ತದೆ. ಮೇಲೆ ಹೋಗುವಾಗ ಜಾರಿದ್ದರೆ ಪಿಸ್ಟನ್ ಗುಂಡು ಅಥವಾ ಪ್ಯಾಕಿಂಗ್ ಮೇಲೆ ಅನುಮಾನ ಪಡಬೇಕಿತ್ತು. ನಮ್ಮದರಲ್ಲಿ ಮೇಲಿನ ಓಟ ಗಟ್ಟಿಯಾಗಿತ್ತು. ಅಂದರೆ ಅಂಗಡಿಯವನು ಹೇಳಿದ ಪ್ಯಾಕಿಂಗ್ ಇನ್ನೂ ಜೀವಂತ. ಕೆಟ್ಟದ್ದು ತಳದ ವಾಲ್ವ್, ಅಂದರೆ ಆ ಗುಂಡು ಮತ್ತು ಅದರ ಸೀಟು. ಪಂಪ್ ಬಿಚ್ಚದೆ, ಪೈಸಾ ಖರ್ಚಿಲ್ಲದೆ, ಬರೀ ಕೂತು ನೋಡಿದ್ದಕ್ಕೆ ಇಷ್ಟು ಗೊತ್ತಾಯಿತು. ಹತ್ತು ನಿಮಿಷ ಹಿಡಿಯಿತು.

ಬಿಚ್ಚುವ ಮುಂಚೆ ನಡೆದ ಒಂದು ವಿಷಯ ಹೇಳಲೇಬೇಕು. ಹುಡುಗ ಗನ್ ಕೆಳಗಿಡುವ ಮುಂಚೆ ಟಿಪ್ ಮೇಲಿದ್ದ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಲು ಹೋದ. ಟ್ರಿಗರ್ ಲಾಕ್ ಆಗಿರಲಿಲ್ಲ, ಹೋಸಿನಲ್ಲಿ ಪೂರ್ತಿ ಒತ್ತಡ ಇತ್ತು. ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಆ ಒತ್ತಡದಲ್ಲಿ ಬಣ್ಣ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಅಷ್ಟೇನಿಲ್ಲ. ಒಳಗೆ ಬಣ್ಣ ಬೆರಳಿನ ಉದ್ದಕ್ಕೂ ಹರಡಿ ಮಾಂಸ ಕೊಳೆಸುತ್ತದೆ. ಬೆರಳೇ ತೆಗೆಯಬೇಕಾಗಬಹುದು. ಅರಿಶಿನ ಹಚ್ಚಿ ಬಟ್ಟೆ ಕಟ್ಟುವ ಗಾಯ ಇದಲ್ಲ. ಹಾಗೇನಾದರೂ ಆದರೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಓಡಬೇಕು, ಬಣ್ಣದ ಡಬ್ಬಿ ಜೊತೆಗೆ ಒಯ್ಯಬೇಕು, ಮಷೀನಿನ ಒತ್ತಡದಲ್ಲಿ ಬಣ್ಣ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಬೇಕು. ಕುಯ್ದು ತೊಳೆಯಬೇಕಾದ ಗಾಯ ಅದು.

ಅದಕ್ಕೇ ನಮ್ಮಲ್ಲಿ ಏನೇ ಬಿಚ್ಚುವ ಮುಂಚೆ ಒಂದು ಕ್ರಮ ಇದೆ. ಮೋಟಾರ್ ಆಫ್, ಟ್ರಿಗರ್ ಲಾಕ್. ವಾಲ್ವ್ ಗುಂಡಿಯನ್ನು ವಾಪಸ್ ಪೈಪಿನ ಕಡೆ ತಿರುಗಿಸಿ ಒತ್ತಡ ಇಳಿಸುವುದು. ಆಮೇಲೆ ಲಾಕ್ ತೆಗೆದು ಗನ್ನನ್ನು ಬಕೆಟಿನೊಳಗೆ ಒಮ್ಮೆ ಒತ್ತುವುದು, ಮತ್ತೆ ಲಾಕ್ ಹಾಕುವುದು. ಕೊನೆಗೆ ಪ್ಲಗ್ ಕಿತ್ತು, ಮಷೀನ್ ಬಿಚ್ಚುವವನ ಹತ್ತಿರವೇ ಇಡುವುದು. ಟಿಪ್ ಕಟ್ಟಿಕೊಂಡರೂ ಬೆರಳು ಹತ್ತಿರ ತರುವಂತಿಲ್ಲ. ಅದರ ಹಿಡಿಯನ್ನು ಹಿಂದುಮುಂದು ತಿರುಗಿಸಿ ಬಕೆಟಿಗೆ ಒಮ್ಮೆ ಹೊಡೆದರೆ ಕಸ ತಾನೇ ಹಾರಿಹೋಗುತ್ತದೆ.

ತಳದ ವಾಲ್ವ್ ಬಿಚ್ಚಿದೆವು. ಸೀಟಿನ ಮೇಲೆ ಸಾಸಿವೆ ಕಾಳಿನಷ್ಟು ಒಣ ಬಣ್ಣ ಕೂತಿತ್ತು. ಅದನ್ನು ತೆಗೆದು, ಎಲ್ಲ ಒರೆಸಿ, ಸೀಟಿನ ಮೇಲೆ ಗುಂಡಿಟ್ಟು ಮೇಲಿನಿಂದ ಸ್ವಲ್ಪ ಟರ್ಪೆಂಟೈನ್ ಹನಿಸಿದೆ. ಅರ್ಧ ನಿಮಿಷದಲ್ಲಿ ಕೆಳಗಿನ ಕಾಗದ ಒದ್ದೆಯಾಯಿತು. ಕಸ ಮಾತ್ರ ಕಾರಣ ಆಗಿದ್ದರೆ ಹನಿ ನಿಲ್ಲಬೇಕಿತ್ತು. ಮೊಬೈಲ್ ಟಾರ್ಚ್ ಹಾಕಿ ಸೀಟಿನ ಅಂಚು ನೋಡಿದೆ. ಸುತ್ತಲೂ ಸೂಜಿಮೊನೆಯಷ್ಟು ಗುಳಿಗಳು. ಗುಂಡಿನ ಮೇಲೂ ಎರಡು ಮೂರು.

ಸ್ಟೇನ್‌ಲೆಸ್ ಸ್ಟೀಲ್ ಬರೀ ನೀರಿಗೆ ನಾಲ್ಕು ತಿಂಗಳಲ್ಲಿ ಹೀಗೆ ಆಗುವುದಿಲ್ಲ. ಹುಡುಗನ ಮುಖ ನೋಡಿದೆ. ಅವನು ನೆಲ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. ಮೇ ತಿಂಗಳಲ್ಲಿ ಒಂದು ಕಾಂಪೌಂಡ್ ಗೋಡೆಯ ಪಾಚಿ ಸಾಯಿಸಲು ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಇದೇ ಮಷೀನಿನಲ್ಲಿ ಹೊಡೆದಿದ್ದ. ಕೈಯಲ್ಲಿ ಉಜ್ಜುವುದಕ್ಕಿಂತ ಬೇಗ ಆಗುತ್ತೆ ಅಂತ. ಬ್ಲೀಚಿನ ಕ್ಲೋರಿನ್‌ಗೆ ಸ್ಟೇನ್‌ಲೆಸ್ಸೂ ಒಂದೇ, ಅಲ್ಯೂಮಿನಿಯಮ್ಮೂ ಒಂದೇ, ಕೊರೆಯುತ್ತಾ ಹೋಗುತ್ತದೆ. ಆಮೇಲೆ ತೊಳೆದದ್ದೂ ಅಷ್ಟಕ್ಕಷ್ಟೇ, ಉಳಿದದ್ದು ಪಂಪಿನ ತಳದಲ್ಲಿ ನಿಂತು ಮಳೆಗಾಲ ಪೂರ್ತಿ ತಿಂದಿತು. ಆ ಚಹಾ ಬಣ್ಣದ ನೀರು ಅದೇ.

ಬೈಯಲು ಬಾಯಿ ಬಂತು. ಆದರೆ ಇಂಥದ್ದನ್ನು ಮಷೀನಿಗೆ ಹಾಕಬಾರದು ಅಂತ ನಾನು ಅವನಿಗೆ ಯಾವತ್ತು ಹೇಳಿದ್ದೆ? ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ, ಇಂಗ್ಲಿಷಿನಲ್ಲಿ, ಇಪ್ಪತ್ತು ಭಾಷೆಗಳ ನಡುವೆ. ಆ ಪುಸ್ತಕ ನನ್ನ ಟ್ರಂಕಿನಲ್ಲಿದೆ.

ಹುಬ್ಬಳ್ಳಿ ಬಸ್ಸು

ಗುಂಡು ಮತ್ತು ಸೀಟಿನ ಸೆಟ್ ಮಡಗಾಂವ್‌ನಲ್ಲಿ ಸಿಗಲಿಲ್ಲ, ವಾಸ್ಕೋದಲ್ಲೂ ಇಲ್ಲ. ಹುಬ್ಬಳ್ಳಿಯಲ್ಲಿ ಪರಿಚಯದವನ ಅಂಗಡಿಯಲ್ಲಿತ್ತು. ರಾತ್ರಿ ಬಸ್ಸಿನ ಡ್ರೈವರ್ ಕೈಲಿ ಕೊಟ್ಟ. ಬೆಳಗಿನ ಜಾವ ಮಡಗಾಂವ್ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡೆ. ಅದೇ ಪೊಟ್ಟಣದಲ್ಲಿ ಎರಡು ಹೊಸ ಟಿಪ್ ಕೂಡ ಹಾಕಿಸಿದ್ದೆ, ಯಾಕೋ ಅನುಮಾನ ಇತ್ತು. ಗೋವಾದಲ್ಲಿ ಮಷೀನ್ ಇಟ್ಟುಕೊಂಡವರು ಗುಂಡು, ಸೀಟು, ಓ-ರಿಂಗ್, ಗನ್ ಫಿಲ್ಟರ್ ಒಂದೊಂದು ಜೊತೆ ಯಾವಾಗಲೂ ಡಬ್ಬಿಯಲ್ಲಿ ಇಟ್ಟಿರಬೇಕು. ನಾನು ಈಗ ಇಟ್ಟಿದ್ದೇನೆ.

ಮೂರನೇ ದಿನ ಹೊಸ ವಾಲ್ವ್ ಹಾಕಿದ ಮೇಲೆ ಸದ್ದೇ ಬದಲಾಯಿತು. ಟಕ್, ಟಕ್, ಟಕ್. ಟ್ರಿಗರ್ ಬಿಟ್ಟರೆ ಮಷೀನ್ ಬಾಯಿಗೆ ಬೀಗ ಹಾಕಿದ ಹಾಗೆ ಸುಮ್ಮನಾಯಿತು. ಒಂದು ನಿಮಿಷ ಕಾದೆ, ಎದ್ದೇಳಲಿಲ್ಲ.

ಗೋಡೆಗೆ ಹೊಡೆದರೆ ಮೀಸೆ ಹೋಗಿತ್ತು, ಆದರೂ ನನಗೆ ಸಮಾಧಾನ ಆಗಲಿಲ್ಲ. ಪಟ್ಟಿ ಕಿರಿದು, ನಡುವೆ ಬಣ್ಣ ಜಾಸ್ತಿ, ಎರಡು ಕಡೆ ಬಣ್ಣ ಕಣ್ಣೀರಿನಂತೆ ಕೆಳಗೆ ಜಾರುತ್ತಿತ್ತು. ಟಿಪ್ ನಂಬರಿನಲ್ಲಿ ಅರ್ಥ ಇದೆ. 517ರಲ್ಲಿ ಮೊದಲ ಅಂಕಿ 5, ಅದರ ಎರಡರಷ್ಟು, ಅಂದರೆ ಗೋಡೆಯಿಂದ ಒಂದು ಅಡಿ ದೂರದಲ್ಲಿ ಹೊಡೆದರೆ ಪಟ್ಟಿ 10 ಇಂಚು ಅಗಲ ಬರಬೇಕು. ಉಳಿದ 17 ಅಂದರೆ ತೂತಿನ ಅಳತೆ ಇಂಚಿನ ಸಾವಿರದಲ್ಲಿ 17 ಭಾಗ, ಅರ್ಧ ಮಿಲಿಮೀಟರಿಗಿಂತ ಕಮ್ಮಿ. ರಟ್ಟಿನ ಪೆಟ್ಟಿಗೆ ಬಿಚ್ಚಿ ಗೋಡೆಗೆ ಒರಗಿಸಿ, ಒಂದು ಅಡಿ ದೂರದಿಂದ ಒಮ್ಮೆ ಹೊಡೆದು ಟೇಪ್ ಇಟ್ಟೆ. ಏಳು ಇಂಚು. ಹೊಸ ಟಿಪ್ ಹಾಕಿ ಪಕ್ಕದಲ್ಲೇ ಹೊಡೆದೆ. ಹತ್ತು, ಅಂಚಿನಿಂದ ಅಂಚಿಗೆ ಸಮ. ಆ ರಟ್ಟನ್ನು ಹುಡುಗರಿಗೆ ತೋರಿಸಲು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಬಣ್ಣದಲ್ಲಿ ಇರುವುದು ಬರೀ ಬಣ್ಣ ಅಲ್ಲ, ನುಣ್ಣಗೆ ಅರೆದ ಕಲ್ಲಿನ ಪುಡಿ. ಆ ಒತ್ತಡದಲ್ಲಿ ಅದು ಉಪ್ಪುಕಾಗದದ ಥರ ತೂತನ್ನು ಉಜ್ಜುತ್ತದೆ. ಕಣ್ಣಿನ ಆಕಾರದ ಸೀಳು ದುಂಡಗಾಗುತ್ತದೆ, ದೊಡ್ಡದಾಗುತ್ತದೆ. ಪಟ್ಟಿ ಕಿರಿದಾಗುತ್ತದೆ, ಬಣ್ಣ ಮಾತ್ರ ಹೆಚ್ಚು ಸುರಿಯುತ್ತದೆ. ದೊಡ್ಡ ತೂತಿಗೆ ಪಂಪ್ ಒತ್ತಡ ಪೂರೈಸಲಾರದು, ಹುಡುಗ ಗುಂಡಿ ತಿರುಗಿಸುತ್ತಾನೆ, ಟಿಪ್ ಇನ್ನೂ ಬೇಗ ಸವೆಯುತ್ತದೆ. ಪಟ್ಟಿ ನಾಲ್ಕರಲ್ಲಿ ಒಂದು ಪಾಲು ಕಿರಿದಾದರೆ ಟಿಪ್ ಬಿಸಾಡುವುದೇ ಲಾಭ. ಮೇ ತಿಂಗಳ ಕೆಲಸದಲ್ಲಿ ಲೆಕ್ಕಕ್ಕಿಂತ ಒಂದು 20 ಲೀಟರ್ ಬಕೆಟ್ ಜಾಸ್ತಿ ಖರ್ಚಾಗಿತ್ತು. ಗೋಡೆ ಹೀರಿತು ಅಂದುಕೊಂಡಿದ್ದೆ. ಗೋಡೆಯನ್ನು ಬೈದು ಏನು ಪ್ರಯೋಜನ!

ಹೊಸ ಟಿಪ್ ಹಾಕಿದ ಮೇಲೆ ಒತ್ತಡವನ್ನು ಪೂರ್ತಿ ಇಳಿಸಿ, ರಟ್ಟಿಗೆ ಹೊಡೆಯುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿದೆವು. ಮೀಸೆ ಮಾಯವಾದ ಜಾಗದಲ್ಲಿ ನಿಲ್ಲಿಸಿ, ಗುಂಡಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆ. ಗುಂಡಿ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಅಷ್ಟೇ. ಅದರಾಚೆ ಏರಿಸಿದರೆ ಗೋಡೆಗೆ ಹೋಗುವುದಕ್ಕಿಂತ ಗಾಳಿಗೆ ಹೋಗುವುದೇ ಹೆಚ್ಚು. ಚಾಂದೋರಿನ ಗದ್ದೆ ಕಡೆಯಿಂದ ಮಧ್ಯಾಹ್ನ ಗಾಳಿ ಏಳುತ್ತದೆ, ಯಜಮಾನಿಯ ಕಾರು ಬೇರೆ ಅಲ್ಲೇ ನಿಂತಿತ್ತು.

ನಾಲ್ಕನೇ ದಿನ ಎರಡು ದಿನದ ಕೆಲಸ ಮುಗಿಯಿತು. ಒಬ್ಬ ಹೊಡೆಯುತ್ತಾ ಹೋದ, ಇನ್ನೊಬ್ಬ ಹಿಂದೆಯೇ ರೋಲರ್ ಎಳೆಯುತ್ತಾ ಬಂದ. ಹಳೇ ಗಾರೆಯ ಸಣ್ಣ ತೂತುಗಳೊಳಗೆ ಬಣ್ಣ ಹೋಗಬೇಕಾದರೆ ಹಾಗೆ ಮಾಡಲೇಬೇಕು. ಆರು ದಿನ ಅಂದದ್ದು ಎಂಟಾಯಿತು. ಯಜಮಾನಿ ಏನೂ ಅನ್ನಲಿಲ್ಲ, ಕೊನೆಯ ದಿನ ಊಟ ಹಾಕಿದರು.

ಈಗ ನಡೆಸುತ್ತಿರುವ ರೀತಿ

ದಿನದ ಕೆಲಸ ಮುಗಿದ ಕೂಡಲೇ, ಚಹಾಕ್ಕಿಂತ ಮುಂಚೆ, ತೊಳೆಯುವುದು. ಮೊದಲ ನೀರು ಹಾಲಿನಂತೆ ಬರುತ್ತದೆ, ಎರಡನೆಯದು ಮಜ್ಜಿಗೆ ನೀರಿನಂತೆ, ಮೂರನೆಯದು ತಿಳಿಯಾಗಿ ಬರಬೇಕು. ಬಾರದಿದ್ದರೆ ನಾಲ್ಕನೇ ಬಕೆಟ್. ಗನ್ ಫಿಲ್ಟರ್ ಮತ್ತು ಟಿಪ್ ತೆಗೆದು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ನೀರಿನ ಡಬ್ಬಿಯಲ್ಲಿ ಹಾಕಿಡುತ್ತೇವೆ. ಟಿಪ್ ತೂತಿಗೆ ಪಿನ್ ಹಾಕಿದವನಿಗೆ ಅವತ್ತಿನ ಕೂಲಿಯಲ್ಲಿ ಟಿಪ್ಪಿನ ದುಡ್ಡು ಕಟ್ ಅಂತ ಹೆದರಿಸಿದ್ದೇನೆ, ಕಟ್ ಮಾಡಿಲ್ಲ. ಬೆಳಿಗ್ಗೆ ಶುರು ಮಾಡುವ ಮುಂಚೆ ಪಿಸ್ಟನ್ ಕಡ್ಡಿಯ ಮೇಲಿನ ಬಟ್ಟಲಿಗೆ ಮಷೀನ್ ಕಂಪನಿಯ ಎಣ್ಣೆ ಐದಾರು ಹನಿ. ಪ್ಯಾಕಿಂಗ್ ಬಾಳುವುದು ಆ ಹನಿಗಳ ಮೇಲೆ.

ಎರಡು ಮೂರು ದಿನಕ್ಕಿಂತ ಜಾಸ್ತಿ ಮಷೀನ್ ನಿಲ್ಲುವುದಾದರೆ ಒಳಗೆ ನೀರು ಬಿಡುವುದಿಲ್ಲ. ನೀರಿನಿಂದ ತೊಳೆದ ಮೇಲೆ ಸುಮಾರು ಅರ್ಧ ಲೀಟರ್ ಮಿನರಲ್ ಟರ್ಪೆಂಟೈನ್ ಎಳೆಸಿ, ಪಂಪು, ಹೋಸು, ಗನ್ನು ಎಲ್ಲದರಲ್ಲೂ ಅದೇ ಇರುವಂತೆ ಮಾಡಿ ನಿಲ್ಲಿಸುತ್ತೇವೆ. ಇದಕ್ಕೆಂದೇ ಮಾರುವ ದ್ರವ ಸಿಕ್ಕರೆ ಇನ್ನೂ ಒಳ್ಳೆಯದು. ಟರ್ಪೆಂಟೈನ್ ಎಳೆಸುವಾಗ ಬೀಡಿ ಇಲ್ಲ, ಟಿಪ್ ತೆಗೆದಿರಬೇಕು, ಒತ್ತಡ ಕಮ್ಮಿ, ಬಕೆಟ್ ಪ್ಲಾಸ್ಟಿಕ್ಕಿನದಲ್ಲ, ತಗಡಿನದು, ಅದನ್ನು ನೆಲಕ್ಕೆ ಅರ್ತ್ ಮಾಡಿ ಗನ್ನಿನ ಲೋಹದ ಭಾಗ ಬಕೆಟಿಗೆ ತಾಗಿಸಿ ಹಿಡಿಯಬೇಕು. ಹರಿಯುವ ಟರ್ಪೆಂಟೈನ್‌ನಿಂದ ಕಿಡಿ ಹುಟ್ಟಬಹುದು. ಮತ್ತೆ ಎಮಲ್ಷನ್ ಹಾಕುವ ಮುಂಚೆ ಸೋಪು ನೀರು, ಆಮೇಲೆ ಬರೀ ನೀರು. ನೇರವಾಗಿ ಬಣ್ಣ ಹಾಕಿದರೆ ಅದು ಒಡೆದ ಹಾಲಿನಂತೆ ಗಂಟುಗಂಟಾಗಿ ಫಿಲ್ಟರ್ ತುಂಬುತ್ತದೆ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗೋಣಿಚೀಲ ಎತ್ತಿ, ಹತ್ತು ಸೆಕೆಂಡ್ ಓಡಿಸಿ, ಗುಂಡು ಆಡುತ್ತದೆಯೇ ಅಂತ ಸದ್ದು ಕೇಳುತ್ತೇವೆ. ಹುಡುಗನೇ ಮಾಡುತ್ತಾನೆ. ಮಷೀನಿನ ಮೈಮೇಲೆ ಅವನೇ ಕನ್ನಡದಲ್ಲಿ ಬರೆದಿದ್ದಾನೆ: "ಬ್ಲೀಚ್ ಹಾಕಬ್ಯಾಡ್ರಿ."

ಅಂಗಡಿಯವನು ಕಳಿಸಿದ ಪ್ಯಾಕಿಂಗ್ ಕಿಟ್ ಆರನೇ ದಿನ ಬಂತು. ವಾಪಸ್ ತಗೊಳ್ಳಲಿಲ್ಲ. ಅದು ಡಬ್ಬಿಯಲ್ಲೇ ಇದೆ. ಈ ಸೀಸನ್ನಿನಲ್ಲಿ ಕಡ್ಡಿಯ ಮೇಲಿನ ಬಟ್ಟಲಿನ ಎಣ್ಣೆಯಲ್ಲಿ ಸಂಜೆ ಹೊತ್ತಿಗೆ ಸ್ವಲ್ಪ ಬಿಳಿ ಕಾಣುತ್ತಿದೆ. ಬಣ್ಣ ಮೇಲಕ್ಕೆ ಜಿನುಗುತ್ತಿದೆ, ಅಂದರೆ ಮೇಲಿನ ಪ್ಯಾಕಿಂಗ್ ನಿಜವಾಗಿ ಸವೆಯುತ್ತಿದೆ. ಈಗಿನ ಕೆಲಸ ಮುಗಿಯಲಿ, ಒಂದು ಭಾನುವಾರ ಕೂತು ಬಿಚ್ಚಬೇಕು.